ಕಾರ್ಖಾನೆ ಇಲ್ಲದ ಸಭೆ: ಹುಬ್ಬಳ್ಳಿ–ಧಾರವಾಡ ಸೀಮೆಯ ಕ್ರೈಸ್ತರಲ್ಲಿ ನಿರುದ್ಯೋಗ ಮತ್ತು ವಿಶ್ವಾಸ

ಬಾಸೆಲ್ ಮಿಷನ್ನಿನ ಕನ್ನಡನಾಡಿನ ಚರಿತ್ರೆಯನ್ನು ಬರೆದವರೆಲ್ಲ ಬಹುಮಟ್ಟಿಗೆ ಮುದ್ರಣ, ಮಗ್ಗ, ಹಂಚು ಈ ಮೂರರ ಸುತ್ತಲೇ ಬರೆದಿದ್ದಾರೆ. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮುದ್ರಣಾಲಯ, 1851ರಲ್ಲಿ ಬಂದ ಜಾನ್ ಹಾಲರ್ ಸುಧಾರಿಸಿದ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೂಡಿದ ಹಂಚಿನ ಕಾರ್ಖಾನೆ: ಇವುಗಳ ಬಗ್ಗೆ ಈಗ ಯಾರಿಗೂ ತಕರಾರಿಲ್ಲ. ರುಡಾಲ್ಫ್ ಫಿಷರ್ 1978ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಅಧ್ಯಯನ ಮತ್ತು ಜೈಪ್ರಕಾಶ್ ರಾಘವಯ್ಯನವರ 1990ರ ಇಂಗ್ಲಿಷ್ ಪುಸ್ತಕ ಈ ವಿಷಯಕ್ಕೆ ಇಂದಿಗೂ ಆಧಾರ. ಇವೆರಡರಿಂದ ಮೂಡುವ ಒಟ್ಟು ಚಿತ್ರ ಇಷ್ಟು. ದೀಕ್ಷಾಸ್ನಾನ ಪಡೆದವನು ಜಾತಿಯಿಂದ ಹೊರಬಿದ್ದ. ಜಾತಿಯ ಜೊತೆಗೆ ಕುಲಕಸುಬು, ಗೇಣಿ ಹೊಲ, ಸಾಲ ಕೊಡುವ ಸಾಹುಕಾರ, ಎಲ್ಲವೂ ಹೋದವು. ಅವನ ಹೊಟ್ಟೆಯ ಹೊಣೆ ಮಿಷನ್ನಿನ ಮೇಲೆ ಬಿತ್ತು. ಮಿಷನ್ ಅದಕ್ಕೆ ಕಾರ್ಖಾನೆ ಕಟ್ಟಿ ಉತ್ತರ ಕೊಟ್ಟಿತು.

ಕರಾವಳಿಯ ಮಟ್ಟಿಗೆ ಈ ಚಿತ್ರ ಸರಿಯಾಗಿದೆ. ರಾಘವಯ್ಯನವರು ತಮ್ಮ ಪುಸ್ತಕದ ಹೆಸರಿನಲ್ಲೇ ಮಲಬಾರ್ ಮತ್ತು ದಕ್ಷಿಣ ಕನ್ನಡ ಎಂದು ಎಲ್ಲೆ ಹಾಕಿಕೊಂಡಿದ್ದಾರೆ. ನನ್ನ ತಕರಾರು ಅವರ ತೀರ್ಮಾನವನ್ನು ಘಟ್ಟ ಹತ್ತಿಸಿ ಬಯಲುಸೀಮೆಗೂ ಹಚ್ಚಿದ ಮುಂದಿನವರ ಬಗ್ಗೆ. ನಿರುದ್ಯೋಗಿ ಕ್ರೈಸ್ತನಿಗೆ ವಿಶ್ವಾಸ ಕೊಟ್ಟದ್ದೇನು ಎಂಬ ಪ್ರಶ್ನೆಗೆ 'ಕೆಲಸ ಕೊಟ್ಟಿತು' ಎಂಬ ಉತ್ತರ ಮಂಗಳೂರಿನಲ್ಲಿ ಸಿಕ್ಕಿದೆ, ಆದ್ದರಿಂದ ಹುಬ್ಬಳ್ಳಿಯಲ್ಲೂ ಅದೇ ಇರಬೇಕು ಎಂಬ ಊಹೆ ನಮ್ಮ ಬರಹಗಳಲ್ಲಿ ಸದ್ದಿಲ್ಲದೆ ಬೇರೂರಿದೆ. ಅದನ್ನು ಒಪ್ಪುವುದು ಕಷ್ಟ.

ಮಿಷನ್ನಿನ ಠಾಣ್ಯಗಳು ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಬೆಟಗೇರಿಯಲ್ಲಿ 1841, ಗುಳೇದಗುಡ್ಡದಲ್ಲಿ 1851 ಹೀಗೆ ಒಂದೊಂದಾಗಿ ಆದವು. ಜೆಪ್ಪು, ಕುದ್ರೋಳಿ, ಮಲ್ಪೆಯಂಥ ಕಾರ್ಖಾನೆ ಇವುಗಳಲ್ಲಿ ಒಂದರಲ್ಲೂ ನೆಲೆ ನಿಲ್ಲಲಿಲ್ಲ. ಹಂಚಿಗೆ ಬೇಕಾದ ನದೀಮುಖದ ಜೇಡಿ, ಸರಕು ಸಾಗಿಸುವ ದೋಣಿ, ಮಳೆಗಾಲಕ್ಕೆ ಹಂಚೇ ಬೇಕೆನ್ನುವ ಗಿರಾಕಿ, ಈ ಮೂರೂ ಕರಾವಳಿಯಲ್ಲಿದ್ದವು. ಮಾಳಿಗೆ ಮನೆಗಳ ಬಯಲುಸೀಮೆಯಲ್ಲಿ ಹಂಚನ್ನು ಕೊಳ್ಳುವವರಾದರೂ ಯಾರು? ನೇಯ್ಗೆಯ ಪ್ರಯತ್ನಗಳು ನಡೆದವಾದರೂ ಕರಾವಳಿಯ ಅಳತೆಗೆ ಬೆಳೆಯಲಿಲ್ಲ. ಒಕ್ಕಲುತನದ ಪ್ರಯೋಗವೊಂದು ಮಾತ್ರ ದೊಡ್ಡ ಆಸೆಯಿಂದ ಶುರುವಾಯಿತು. 1841ರಲ್ಲಿ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಆದ ವಸಾಹತು ಅದು. ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಕೆಲವು ಗುಂಪುಗಳು ಮಿಷನರಿಗಳನ್ನು ನಿರೀಕ್ಷೆಯಿಂದ ನೋಡಿದವು. ಆ ಗುಂಪಿನವರು ಹಿಂಡುಹಿಂಡಾಗಿ ಬರುತ್ತಾರೆ, ಬಂದವರಿಗೆ ಹೊಲ ಬೇಕು ಎಂದು ಮಿಷನರಿಗಳು ಎಣಿಸಿದರು. ಜನ ಹಾಗೆ ಬರಲಿಲ್ಲ, ವಸಾಹತು ಎಣಿಸಿದಂತೆ ಬೆಳೆಯಲೂ ಇಲ್ಲ.

ಹಾಗಿದ್ದೂ ಸಭೆಗಳು ಉಳಿದವು ಎಂಬುದು ಇಲ್ಲಿಯ ಮುಖ್ಯ ಸಂಗತಿ. ಬೆಟಗೇರಿ–ಗುಳೇದಗುಡ್ಡಗಳ ಸಭೆಗಳಲ್ಲಿ ನೇಕಾರರು ಗಣನೀಯವಾಗಿದ್ದರು. 1876ರಿಂದ 78ರವರೆಗಿನ ಡೋಗಿ ಬರದಲ್ಲಿ ನೇಕಾರನ ಪಾಡು ಒಕ್ಕಲಿಗನಿಗಿಂತ ಮೊದಲೇ ಕೆಟ್ಟಿತು. ಕಾಳಿನ ಬೆಲೆ ಏರಿದಾಗ ಜನ ಮೊದಲು ಬಿಡುವುದು ಬಟ್ಟೆ ಕೊಳ್ಳುವುದನ್ನು. ಮಗ್ಗ ನಿಂತವನಿಗೆ ಸರಕಾರ ತೋರಿಸಿದ ದಾರಿ ಕೆರೆ–ರಸ್ತೆಗಳ ಮಣ್ಣುಕೆಲಸ. 1877ರ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಅಲ್ಲಿಯ ಕೂಲಿಯನ್ನು ದಿನಕ್ಕೆ 1 ಪೌಂಡ್ ಕಾಳು ಮತ್ತು ಸಣ್ಣ ಮೊತ್ತದ ರೊಕ್ಕಕ್ಕೆ ಇಳಿಸಿದ್ದರಿಂದ ಮುಂಬೈ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಕಾರರು ಕೆಲಸ ಬಿಟ್ಟು ಹೊರಟ ಪ್ರಸಂಗಗಳೂ ನಡೆದವು. ಲಾಳಿ ಹಿಡಿದ ಕೈ ಗುದ್ದಲಿಗೆ ಒಗ್ಗುವುದಿಲ್ಲವೆಂದು, ನೇಕಾರರಿಗೆ ಅವರ ಕಸುಬಿನಲ್ಲೇ ಪರಿಹಾರ ಕೊಡಬೇಕೆಂಬ ವಿಚಾರ ಸರಕಾರಕ್ಕೆ ಹೊಳೆದದ್ದು ಬರ ಮುಗಿದ ಮೇಲೆ. ಆ ಕಾಲದಲ್ಲಿ ಮಿಷನ್ ಅನಾಥ ಮಕ್ಕಳನ್ನು ಸಾಕಿತು, ಗಂಜಿ ಹಾಕಿತು. ದುಡಿಯುವ ಪ್ರಾಯದ ಗಂಡಸಿಗೆ ಕಾಯಂ ಕೆಲಸ ಕೊಡುವ ತ್ರಾಣ ಅದಕ್ಕೆ ಈ ಸೀಮೆಯಲ್ಲಿರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು ವರ್ಕ್‌ಶಾಪ್ ಆದ ಮೇಲೆ ಕ್ರೈಸ್ತರೂ ಉಳಿದವರಂತೆ ಅದರ ಬಾಗಿಲು ಬಡಿದರು. ಕೆಲಸ ಕೊಡುವ ಯಜಮಾನ ಬೇರೆ, ಪ್ರಾರ್ಥನೆಗೆ ಕೂಡಿಸುವ ಸಭಾಪಾಲಕ ಬೇರೆ ಎಂಬ ಸ್ಥಿತಿ ಹುಬ್ಬಳ್ಳಿಯ ಕ್ರೈಸ್ತನಿಗೆ ಮೊದಲಿನಿಂದಲೂ ಇತ್ತು. ಜೆಪ್ಪುವಿನವನಿಗೆ ಆ ಸ್ಥಿತಿ ಬಂದದ್ದು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಸೆರೆಯಾಗಿ, 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದ ನಂತರ.

ಇಷ್ಟನ್ನು ಒಪ್ಪಿದರೆ ಚಾಲ್ತಿಯಲ್ಲಿರುವ ಎರಡು ವಿವರಣೆಗಳೂ ಇಲ್ಲಿ ಸಡಿಲಗೊಳ್ಳುತ್ತವೆ. ಒಂದು, ಬಡವ ಅನ್ನಕ್ಕಾಗಿ ಕ್ರೈಸ್ತನಾದ ಎಂಬ ಹಳೆಯ ಹಂಗಣೆಯ ಮಾತು. ಇದಕ್ಕೆ ಇತ್ತೀಚೆಗೆ ಕಾನೂನಿನ ಪಠ್ಯದಲ್ಲೂ ಜಾಗ ಸಿಕ್ಕಿತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ 'ಆಮಿಷ'ದ ಪಟ್ಟಿಯಲ್ಲಿ ಉದ್ಯೋಗವನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಮುಂದಿನ ಸರಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಇನ್ನೊಂದು, ಮ್ಯಾಕ್ಸ್ ವೇಬರನ 1905ರ ಪ್ರಬಂಧದ ನೆರಳಿನಲ್ಲಿ ಬೆಳೆದ ವಿವರಣೆ: ಪ್ರೊಟೆಸ್ಟಂಟ್ ವಿಶ್ವಾಸ ಹೊತ್ತಿಗೆ ಸರಿಯಾಗಿ ದುಡಿಯುವ, ಉಳಿಸುವ ಶಿಸ್ತನ್ನು ಕಲಿಸಿತು, ಆ ಶಿಸ್ತೇ ಬಲ. ಒಂದು ವಿವರಣೆ ನಿಂದೆಯದು, ಇನ್ನೊಂದು ಮೆಚ್ಚಿಕೆಯದು. ಆದರೆ ಎರಡೂ ಕೆಲಸ ಇದೆ ಎಂಬ ನಂಬಿಕೆಯ ಮೇಲೇ ನಿಂತಿವೆ. ಕೆಲಸವೇ ಇಲ್ಲದ ತಿಂಗಳುಗಳಲ್ಲಿ, ಅರ್ಜಿ ಹಾಕಿ ಕಾಯುವ ಹೊತ್ತಿನಲ್ಲಿ, ವಿಶ್ವಾಸ ಏನು ಮಾಡುತ್ತದೆ ಎಂದು ಇವೆರಡೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಇಂದಿನ ಹುಬ್ಬಳ್ಳಿಯ ಅಂಚಿನಲ್ಲಿ ನಿಂತು ಕೇಳಬಹುದು. ಗಬ್ಬೂರ ಅಂಥ ಅಂಚು. ನರೇಂದ್ರದ ಕಡೆಗೆ ಹೋಗುವ ಹುಬ್ಬಳ್ಳಿ–ಧಾರವಾಡ ಬೈಪಾಸ್ ಇಲ್ಲಿಂದ ಹೊರಡುತ್ತದೆ. ತಾರಿಹಾಳ, ಗಾಮನಗಟ್ಟಿ, ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಹುಡುಕುವವರಿಗೂ ಇಂಟರ್‌ವ್ಯೂಗೆಂದು ಬೆಂಗಳೂರಿನ ಹಾದಿ ಹಿಡಿಯುವವರಿಗೂ ಗಬ್ಬೂರ ಕ್ರಾಸ್ ಚೆನ್ನಾಗಿ ಗೊತ್ತು. ಈ ಭಾಗದ ಮನೆಯೊಂದರಲ್ಲಿ ವಾರದ ಪ್ರಾರ್ಥನಾ ಕೂಟ ನಡೆಯುತ್ತದೆ. ಜಮಖಾನ ಹಾಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಿರಿಯರಿಗೆ ಬಿಟ್ಟು, ಒಂದೆರಡು ಗೀತೆ ಹಾಡಿ, ವಾಕ್ಯ ಓದಿದ ಮೇಲೆ 'ಪ್ರಾರ್ಥನಾ ವಿಷಯ' ಕೇಳುತ್ತಾರೆ. ಗೆರೆ ಹಾಳೆಯ ನೋಟ್‌ಬುಕ್ಕೊಂದರಲ್ಲಿ ಅವನ್ನು ಬರೆದುಕೊಳ್ಳುವವರು ನಿವೃತ್ತ ಶಿಕ್ಷಕಿ; ಎಲ್ಲರಿಗೂ ಅವರು ಅಕ್ಕಾವ್ರು. ಐಟಿಐ ಮುಗಿಸಿದ ಫಿಟ್ಟರ್ ಹುಡುಗನೊಬ್ಬ ಒಂದು ಸಂಜೆ ಎದ್ದು, "ಕಾಂಟ್ರ್ಯಾಕ್ಟ್ ಮುಗದೈತ್ರಿ ಅಕ್ಕಾವ್ರ, ಟ್ರೇನಿಂಗ್ ಟ್ರೇನಿಂಗ್ ಅಂತ ದುಡಿಸ್ಕೊಂಡು ಕೈ ಬಿಟ್ರು" ಎಂದು ಕಂಪನಿಯ ಹೆಸರು ಎತ್ತಹೊರಟ. ಅವರು ಪೆನ್ನು ಎತ್ತಿ ಹಿಡಿದು, "ಕಂಪನಿ ಹೆಸರು ಬ್ಯಾಡಪಾ, ನಿನ್ನ ಹೆಸರು ಬರಕೋತೀನಿ" ಎಂದರು. ಬರೆದುಕೊಂಡರು. ಮುಂದಿನ ವಾರ ಅದೇ ಪುಟ ತೆರೆದು, "ಏನಾತಪಾ?" ಎಂದು ಕೇಳಿದರು. ಏನೂ ಆಗಿರಲಿಲ್ಲ. ಹೆಸರನ್ನು ಹೊಸ ಪುಟಕ್ಕೆ ಇಳಿಸಿಕೊಂಡರು.

ಇದೇ ಕೂಟದಲ್ಲಿ ಇನ್ನೊಂದು ರೂಢಿಯೂ ಇದೆ. ಅದು ಸಾಕ್ಷಿ. ಕೆಲಸ ಸಿಕ್ಕವನು ನಿಂತು ದೇವರು ಮಾಡಿದ ಉಪಕಾರವನ್ನು ಹೇಳುತ್ತಾನೆ. ಮೊದಲ ಸಂಬಳದ ಕಾಣಿಕೆಯನ್ನು ಭಾನುವಾರ ಕವರಿನಲ್ಲಿ ಹಾಕಿ ಕೊಡುತ್ತಾನೆ. ವಿಶ್ವಾಸದಿಂದ ನಿರುದ್ಯೋಗಿಗೆ ಬಲ ಬರುತ್ತದೆ ಎಂಬುದಕ್ಕೆ ಉಪದೇಶಗಳಲ್ಲೂ ಕಿರುಹೊತ್ತಿಗೆಗಳಲ್ಲೂ ಕೊಡುವ ಪುರಾವೆಯೆಲ್ಲ ಇಂಥ ಸಾಕ್ಷಿಗಳೇ. ನನ್ನ ವಾದದ ಮುಖ್ಯ ಅಂಶ ಇಲ್ಲಿದೆ. ಸಾಕ್ಷಿ ಫಲ ಸಿಕ್ಕ ಮೇಲೆ ಹುಟ್ಟುವ ಪ್ರಕಾರ. ಸಿಗದವನಿಗೆ ಅದರಲ್ಲಿ ಎದ್ದು ನಿಲ್ಲುವ ಸರದಿಯೇ ಬರುವುದಿಲ್ಲ. ಆದ್ದರಿಂದ ಸಾಕ್ಷಿಗಳನ್ನು ಎಷ್ಟು ಕೂಡಿಸಿದರೂ ನಿರುದ್ಯೋಗದ ಅನುಭವ ಅವುಗಳಲ್ಲಿ ದಾಟಿ ಬಂದ ಹೊಳೆಯಾಗಿಯೇ ಕಾಣುತ್ತದೆ. ನಡುನೀರಿನಲ್ಲಿ ನಿಂತವನ ಮಾತು ಅಲ್ಲಿ ಇರುವುದಿಲ್ಲ. ಬಲ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ನೋಟ್‌ಬುಕ್ಕನ್ನು ನೋಡಬೇಕು. ಉತ್ತರ ಬರುವ ಮೊದಲೇ, ಹೆಸರು ಹಿಡಿದು, ಬಾಯಿಬಿಟ್ಟು ಮಾಡುವ ಬಿನ್ನಹ ಕಾಯುವವನಿಗೆ ಸಾಕ್ಷಿಗಿಂತ ಹೆಚ್ಚು ಆಧಾರ ಕೊಡುತ್ತದೆ ಎಂಬುದು ನನ್ನ ಪ್ರತಿಪಾದನೆ.

ಇದಕ್ಕೆ ಬೆಂಬಲ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಸಣ್ಣ ಊರಿನ ಅಧ್ಯಯನ. 1930ರ ಹೊತ್ತಿಗೆ ಅಲ್ಲಿಯ ಗಿರಣಿ ಮುಚ್ಚಿ ಇಡೀ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಜಲ್ 1933ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಿಡುವು ಹೆಚ್ಚಿದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಇಳಿಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಕುಗ್ಗಿತು. ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಕಟ್ಟು, ಮನೆಯಾಚೆಯ ಜನರ ಸಂಪರ್ಕ, ಕೂಡಿ ಮಾಡುವ ಉದ್ದೇಶ, ಒಂದು ಸ್ಥಾನಮಾನ, ಕೈಗೊಂದು ಚಟುವಟಿಕೆ ಇಷ್ಟನ್ನೂ ಕೊಡುತ್ತದೆ, ಅದು ಹೋದಾಗ ಇವೆಲ್ಲ ಹೋಗುತ್ತವೆ ಎಂದು ಯಹೋಡಾ ಮುಂದೆ ವಿಸ್ತರಿಸಿದರು. ಗಬ್ಬೂರದ ಕೂಟ ಸಂಬಳ ಕೊಡಲಾರದು. ಉಳಿದ ಐದರಲ್ಲಿ ಹಲವನ್ನು ಅದು ಅರೆಬರೆಯಾಗಿಯಾದರೂ ತುಂಬಿಕೊಡುತ್ತದೆ: ವಾರಕ್ಕೊಂದು ಗೊತ್ತಾದ ಹೊತ್ತು, ಹೆಸರು ಹಿಡಿದು ಕೇಳುವ ಮಂದಿ, ಕುರ್ಚಿ ಜೋಡಿಸುವ ಇಲ್ಲವೇ ತಬಲಾ ಬಾರಿಸುವ ಕೆಲಸ.

ಎರಡನೆಯದು ಬೈಬಲ್ ಅಧ್ಯಯನದ ಕಡೆಯದು. ಕೀರ್ತನೆಗಳ ಗ್ರಂಥದಲ್ಲಿ ಸ್ತುತಿಗಿಂತ ಪ್ರಲಾಪದ ಪಾಲು ದೊಡ್ಡದು ಎಂಬುದು ವಿದ್ವಾಂಸರಿಗೆ ಬಹುಕಾಲದಿಂದ ಗೊತ್ತು. ಸಭೆಗಳು ಆರಾಧನೆಯಲ್ಲಿ ಪ್ರಲಾಪವನ್ನು ಕೈಬಿಟ್ಟು ಬರೀ ಸ್ತುತಿಯನ್ನು ಉಳಿಸಿಕೊಂಡದ್ದರಿಂದ ಆದ ನಷ್ಟವನ್ನು ವಾಲ್ಟರ್ ಬ್ರೂಗೆಮನ್ 1986ರ ಲೇಖನದಲ್ಲಿ ವಿವರಿಸಿದರು: ದೂರು ಹೇಳುವ ಬಾಯಿ ಮುಚ್ಚಿದರೆ ನ್ಯಾಯದ ಪ್ರಶ್ನೆಯೂ ಮುಚ್ಚಿಹೋಗುತ್ತದೆ. ಸಾಕ್ಷಿ ಮತ್ತು ಬಿನ್ನಹಗಳ ನಡುವೆ ನಾನು ಎಳೆದ ಗೆರೆ ಬ್ರೂಗೆಮನ್‌ರ ಗೆರೆಗೆ ಹತ್ತಿರದ್ದು.

ಉಪದೇಶಪೀಠದಲ್ಲೂ ಇದೇ ಜಗ್ಗಾಟ ನಡೆಯುತ್ತದೆ. ನಿರುದ್ಯೋಗದ ಮಾತು ಬಂದಾಗ ಬೋಧಕರಿಗೆ ಮೊದಲು ನೆನಪಾಗುವುದು ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದ 3ನೆಯ ಅಧ್ಯಾಯ. ದುಡಿಯಲು ಒಲ್ಲದವನಿಗೆ ಊಟವೂ ಬೇಡ ಎಂಬ ತಾತ್ಪರ್ಯದ ಭಾಗ. ಪತ್ರದ ಸಂದರ್ಭ ನೋಡಿದರೆ ಅದು ಪರರ ಉಸಾಬರಿ ಮಾಡುತ್ತ ತಿರುಗುವವರಿಗೆ ಹಾಕಿದ ಗದರಿಕೆ. ಅದನ್ನು ಹತ್ತು ಕಡೆ ಬಯೋಡೇಟಾ ಕೊಟ್ಟು ಬಂದವನ ಮುಂದೆ ಓದಿದರೆ ಅವನು ತಲೆತಗ್ಗಿಸಿ ಕೂರುತ್ತಾನೆ. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿ ತೋಟದ ಸಾಮ್ಯ ಬೇರೆಯದೇ ದಿಕ್ಕಿನದು. ಅಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ನಿಂತವರಿಗೆ ಯಜಮಾನ ಕಾರಣ ಕೇಳುತ್ತಾನೆ; ಯಾರೂ ತಮ್ಮನ್ನು ಕರೆಯಲಿಲ್ಲ ಎಂಬುದು ಅವರ ಉತ್ತರ. ಅವನು ಅವರನ್ನು ಬೈಯುವುದಿಲ್ಲ, ಕೂಲಿಯನ್ನೂ ಕಡಿಮೆ ಮಾಡುವುದಿಲ್ಲ. ಕೂಲಿಗೆಂದು ನಾಕಾದಲ್ಲಿ ಬೆಳಗಿನಿಂದ ನಿಂತು ಬರಿಗೈಲಿ ಮನೆಗೆ ಹೋದವನಿಗೆ ಈ ಕತೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದೂ ಇದನ್ನು ಕಡೆಗಾಲದಲ್ಲಿ ನಂಬಿದವರಿಗೂ ಸಿಗುವ ಮೋಕ್ಷದ ದೃಷ್ಟಾಂತವೆಂದಷ್ಟೇ ವಿವರಿಸಿ ಮುಗಿಸುವ ಉಪದೇಶಗಳೇ ಹೆಚ್ಚು ಎಂಬುದು ನನ್ನ ಅನುಭವ. ಕೆಥೋಲಿಕರಲ್ಲಿ ಪರಿಸ್ಥಿತಿ ಕೊಂಚ ಭಿನ್ನ. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ನೇಮಿಸಿದರು. 1981ರ ವಿಶ್ವಪತ್ರದಲ್ಲಿ ಎರಡನೆಯ ಜಾನ್ ಪಾಲ್ ನಿರುದ್ಯೋಗವನ್ನು ಕೆಡುಕೆಂದೇ ಕರೆದು ಅದರ ಹೊಣೆಯನ್ನು ಸಮಾಜದ ಮೇಲೆ ಹೊರಿಸಿದರು.

ಇನ್ನು ನನ್ನ ಪ್ರತಿಪಾದನೆಗೆ ಎದುರಾಗುವ ಆಕ್ಷೇಪಗಳು. ಇದು ಪ್ರಾರ್ಥನೆಯ ಬಲವೋ ಪರಿಚಯದ ಬಲವೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯದವರಿಂದಲೇ ಹೆಚ್ಚು ಸಿಗುತ್ತದೆ ಎಂದು ಮಾರ್ಕ್ ಗ್ರಾನೊವೆಟರ್ 1973ರಷ್ಟು ಹಿಂದೆಯೇ ತೋರಿಸಿದ್ದರು. ಕೂಟದಲ್ಲೂ ಹಾಗೆಯೇ ಆಗುತ್ತದೆ. ಗೋಕುಲ ರೋಡಿನ ಗ್ಯಾರೇಜಿಗೊಬ್ಬ ಹುಡುಗ ಬೇಕಂತೆ ಎಂಬ ಸುದ್ದಿ ಆಮೆನ್ ಮುಗಿದ ಮೇಲೆ, ಚಹಾ ಕುಡಿಯುವಾಗ ಬರುತ್ತದೆ. ಇವೆರಡನ್ನೂ ಪೂರ್ತಿ ಬೇರ್ಪಡಿಸಲು ಸಾಧ್ಯವೆಂದು ನಾನು ಹೇಳುವುದಿಲ್ಲ. ಆದರೆ ಸುದ್ದಿ ಬಾರದ ವಾರಗಳಲ್ಲೂ, ಹೋದ ಕಡೆ ಬಾಗಿಲು ಮುಚ್ಚಿದ ಮೇಲೂ ಆ ಫಿಟ್ಟರ್ ಹುಡುಗ ಬಂದು ಕೂತದ್ದನ್ನು ಪರಿಚಯದ ಲೆಕ್ಕ ವಿವರಿಸಲಾರದು.

ಎಲ್ಲ ಪ್ರಾರ್ಥನೆಯೂ ಬಲ ಕೊಡುತ್ತದೆ ಎಂಬುದೂ ನನ್ನ ಮಾತಲ್ಲ. ಸಂಕಟದಲ್ಲಿ ಧರ್ಮವನ್ನು ಜನ ಬಳಸುವ ಬಗೆಯನ್ನು ಪರಿಶೀಲಿಸಿದ ಕೆನೆತ್ ಪರ್ಗಮೆಂಟ್, ದೇವರು ಜೊತೆಗಿದ್ದಾನೆಂಬ ಭಾವ ಒಂದು ದಾರಿ, ದೇವರು ಶಿಕ್ಷಿಸುತ್ತಿದ್ದಾನೆ ಅಥವಾ ಕೈಬಿಟ್ಟಿದ್ದಾನೆಂಬ ಭಾವ ಇನ್ನೊಂದು ದಾರಿ ಎಂದು 1990ರ ದಶಕದಲ್ಲಿ ವಿಂಗಡಿಸಿದರು. ಎರಡನೆಯದು ಮನಸ್ಸನ್ನು ಕುಗ್ಗಿಸುತ್ತದೆ. ನಂಬಿಕೆ ಗಟ್ಟಿಯಿದ್ದರೆ ನೌಕರಿ ಸಿಕ್ಕೇ ಸಿಗುತ್ತದೆ ಎಂದು ಸಾರುವ ಬೋಧನೆ, ಸಿಗದವನನ್ನು ಈ ಎರಡನೆಯ ದಾರಿಗೆ ನೂಕುತ್ತದೆ. ಉಪವಾಸ ಪ್ರಾರ್ಥನೆಗಳ ಪೋಸ್ಟರುಗಳಲ್ಲಿ ಈ ಭರವಸೆಯನ್ನು ದಪ್ಪ ಅಕ್ಷರದಲ್ಲಿ ಕಾಣಬಹುದು. ಗಬ್ಬೂರದ ನೋಟ್‌ಬುಕ್ಕಿನಲ್ಲಿ ಅಂಥ ಭರವಸೆ ಇರಲಿಲ್ಲ. ಬೇರೆ ಕೂಟಗಳ ಬಗ್ಗೆ ಹಾಗೆ ಹೇಳಲಾರೆ. ಒಂದು ಮನೆಯ ಕೂಟವನ್ನು ನೋಡಿ ಒಂದು ಸೀಮೆಯ ಬಗ್ಗೆ ಮಾತಾಡುವುದರ ಇಕ್ಕಟ್ಟು ನನಗೆ ಗೊತ್ತಿದೆ. ಅದಕ್ಕೇ ಈ ಪ್ರತಿಪಾದನೆಯನ್ನು ಕಾಯುವ ಅವಧಿಗೆ ಮಾತ್ರ, ಪ್ರತಿವಾರ ಮುಖಾಮುಖಿಯಾಗುವ ಸಣ್ಣ ಸಭೆಗಳಿಗೆ ಮಾತ್ರ ಸೀಮಿತಗೊಳಿಸುತ್ತೇನೆ.

ಇವೆಲ್ಲಕ್ಕಿಂತ ಬಿಗಿಯಾದ ಮಿತಿಯೊಂದಿದೆ. ಹೆಸರು ಹೇಳಿದರೆ ಬಲ ಎಂಬುದು ಹೆಸರು ಹೇಳಬಲ್ಲವರ ಮಾತು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೆಯ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗಷ್ಟೇ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಜಾತಿ ಸ್ಥಾನವನ್ನು ಧರ್ಮದಿಂದ ಬಿಡಿಸಬೇಕೆಂದು ಶಿಫಾರಸು ಮಾಡಿತು; 2022ರಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗವಾಯಿತು. 2024ರ ನವೆಂಬರ್‌ನಲ್ಲಿ ಪುದುಚೇರಿಯ ಗುಮಾಸ್ತೆ ಹುದ್ದೆಯೊಂದರ ಪ್ರಕರಣದಲ್ಲಿ, ದೀಕ್ಷಾಸ್ನಾನ ಪಡೆದು ಚರ್ಚಿಗೆ ನಡೆದುಕೊಳ್ಳುತ್ತಿದ್ದ ಅಭ್ಯರ್ಥಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅಂದರೆ ಕೆಲಸ ಹುಡುಕುವ ದಲಿತ ಮೂಲದ ಕ್ರೈಸ್ತನಿಗೆ ದೀಕ್ಷಾಸ್ನಾನದ ರಿಜಿಸ್ಟರು ಪುರಾವೆಯಾಗಿ ಎದುರು ನಿಲ್ಲಬಹುದು. ಅವನನ್ನು ಉಳಿಸಬಹುದೆಂದು ನಾನು ವಾದಿಸುತ್ತಿರುವ ನೋಟ್‌ಬುಕ್ಕೇ ಅವನಿಗೆ ಅಂಜಿಕೆಯ ವಸ್ತು. ಇಂಥವರು ಕೂಟಕ್ಕೆ ಬಂದರೂ ಬಾಗಿಲ ಬಳಿ ಕೂತು ಪ್ರಾರ್ಥನಾ ವಿಷಯ ಕೇಳಿದಾಗ ಸುಮ್ಮನಿರುತ್ತಾರೆ, ಇಲ್ಲವೇ "ಮನಿಯೊಳಗ ಒಂದು ತೊಂದ್ರೆ ಐತ್ರಿ" ಎಂದಷ್ಟೇ ಹೇಳುತ್ತಾರೆ. ಬರೆದುಕೊಳ್ಳುವವರಿಗೆ ವಿಷಯ ಗೊತ್ತಿರುತ್ತದೆ, ಹೆಚ್ಚು ಕೆದಕುವುದಿಲ್ಲ. ಅನ್ನಕ್ಕಾಗಿ ಕ್ರೈಸ್ತರಾದರು ಎಂದು ಹಂಗಿಸುವವರು ಈ ಲೆಕ್ಕವನ್ನೂ ನೋಡಬೇಕು: ಸರಕಾರಿ ನೌಕರಿಯ ಮಟ್ಟಿಗೆ ಇವರ ವಿಶ್ವಾಸ ಅನ್ನ ಕೊಡುವುದಿರಲಿ, ಅನ್ನದ ಒಂದು ದಾರಿಯನ್ನೇ ಮುಚ್ಚಿದೆ. ಅದರ ಅರಿವಿದ್ದೂ ಅವರು ಬರುತ್ತಿದ್ದಾರೆ ಎಂಬುದು ಆರ್ಥಿಕ ವಿವರಣೆಗೆ ಸಿಗದ ಸಂಗತಿ.

ಇತ್ಯರ್ಥವಾಗದ ಪ್ರಶ್ನೆಗಳು ಹಲವಿವೆ. ಕೂಟಕ್ಕೆ ಬರುವುದನ್ನು ಬಿಟ್ಟವರ ಮಾತು ಈ ಲೇಖನದಲ್ಲಿಲ್ಲ. ಬಲ ಸಿಗದೆ ಬಿಟ್ಟರೋ, ಕೆಲಸ ಸಿಕ್ಕು ಪುಣೆ–ಬೆಂಗಳೂರು ಸೇರಿದರೋ ಬೇರೆಯಾಗಿ ನೋಡಬೇಕು. ಹೆಣ್ಣುಮಕ್ಕಳ ಕೆಲಸದ ಹುಡುಕಾಟ ಪ್ರಾರ್ಥನಾ ವಿಷಯವಾಗಿ ಬರುವುದು ಅಪರೂಪ. ಅವರ ಹೆಸರಿನ ಮುಂದೆ ಮದುವೆಯೋ ಗಂಡನ ನೌಕರಿಯೋ ಇರುತ್ತದೆ. ಇದು ನನ್ನ ಪ್ರತಿಪಾದನೆಯನ್ನು ಅರ್ಧಕ್ಕೆ ಇಳಿಸಲೂಬಹುದು. ಚರಿತ್ರೆಯ ಕಡೆಗೆ ಬಂದರೆ, ಬರಗಾಲದ ನೇಕಾರ ಸಭೆಗಳಲ್ಲಿ ಕೆಲಸವಿಲ್ಲದವರ ಹೆಸರು ಹಿಡಿದು ಪ್ರಾರ್ಥಿಸುವ ರೂಢಿ ಇತ್ತೇ, ಅಥವಾ ಇದು ಮುಂದೆ ಬೇರೆ ಪಂಗಡಗಳಿಂದ ಬಂದದ್ದೇ ಎಂಬುದು ತೀರ್ಮಾನವಾಗಬೇಕು. ಬಾಸೆಲ್‌ನ ಪತ್ರಾಗಾರ, ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹ, ಈ ಸೀಮೆಯ ಹಳೆಯ ಸಭೆಗಳ ಕಮಿಟಿ ನಡಾವಳಿಗಳು, ಇವುಗಳಲ್ಲಿ ಹಂಚು–ಮಗ್ಗಗಳ ಲೆಕ್ಕ ಹುಡುಕಿದಷ್ಟು ಶ್ರದ್ಧೆಯಿಂದ ಬಡವರ ನಿಧಿಯ ಖರ್ಚಿನ ಪುಟಗಳನ್ನು ಹುಡುಕಿದವರು ಕಡಿಮೆ. ಗುಳೇದಗುಡ್ಡ ಮತ್ತು ಬೆಟಗೇರಿಯ 1876ರಿಂದ 1880ರವರೆಗಿನ ಕಾಗದಪತ್ರಗಳಿಂದ ಆ ಕೆಲಸವನ್ನು ಆರಂಭಿಸಬಹುದು.